ದೂರದ ಗುರಿಗೆ ಭೂಮಿ ತಿರುಗುವ ಲೆಕ್ಕ
ರೈಫಲ್‌ನಲ್ಲಿ ದೂರದ ಗುರಿಗೆ ಹೊಡೆಯುವವರಿಗೆ ಒಂದು ಸುಲಭ ಲೆಕ್ಕ: ಮೀಟರ್‌ನಲ್ಲಿ ದೂರ, ಗುಂಡು ಗುರಿ ಮುಟ್ಟಲು ಹಿಡಿಯುವ ಸೆಕೆಂಡು, ನೀವಿರುವ ಅಕ್ಷಾಂಶದ ಸೈನ್ (ತ್ರಿಕೋನಮಿತಿಯ sin), ಮೂರನ್ನೂ ಗುಣಿಸಿ, ಬಂದದ್ದನ್ನು 0.0073ರಿಂದ ಗುಣಿಸಿ. ಗುಂಡು ಪಕ್ಕಕ್ಕೆ ಎಷ್ಟು ಸೆಂಟಿಮೀಟರ್ ಸರಿಯುತ್ತದೆ ಅಂತ ಸಿಗುತ್ತದೆ. 45 ಡಿಗ್ರಿ ಅಕ್ಷಾಂಶದಲ್ಲಿ 1000 ಮೀಟರ್‌ಗೆ ಒಂದೂವರೆ ಸೆಕೆಂಡು ಹಿಡಿದರೆ ಸುಮಾರು 8 ಸೆಂ.ಮೀ. ಗುಂಡು ಗಾಳಿಯಲ್ಲಿರುವಾಗಲೂ ಕೆಳಗೆ ನೆಲ ತಿರುಗುತ್ತಲೇ ಇರುತ್ತದೆ, ಅಲ್ವಾ? ಉತ್ತರ ಗೋಳಾರ್ಧದಲ್ಲಿ ಬಲಕ್ಕೆ, ದಕ್ಷಿಣದಲ್ಲಿ ಎಡಕ್ಕೆ. ಯಾವ ದಿಕ್ಕಿಗೆ ಹೊಡೆದರೂ ಅಷ್ಟೇ. ಮೇಲೆ-ಕೆಳಗಿನ ವ್ಯತ್ಯಾಸ ಇದರಲ್ಲಿ ಸೇರಿಲ್ಲ: ಪೂರ್ವಕ್ಕೆ ಹೊಡೆದರೆ ಗುಂಡು ಸ್ವಲ್ಪ ಮೇಲೆ, ಪಶ್ಚಿಮಕ್ಕೆ ಹೊಡೆದರೆ ಕೆಳಗೆ ಬೀಳುತ್ತದೆ. ಸಮಭಾಜಕ ವೃತ್ತದ ಹತ್ತಿರ ಇದೇ ಜಾಸ್ತಿ. 500 ಮೀಟರ್ ಒಳಗಾದರೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಗಾಳಿಯ ಅಂದಾಜು ತುಸು ತಪ್ಪಿದರೂ ಗುಂಡು ಇದಕ್ಕಿಂತ ಜಾಸ್ತಿ ಆಚೀಚೆ ಹೋಗುತ್ತದೆ.