ರಾಜಭವನ, ವಿಧಾನಸೌಧ, ಕೋರ್ಟು: ಒಂದು ರಾಜಕೀಯ ಕಾದಂಬರಿ ಕಟ್ಟಿದ ಬಗೆ

ರಾಜ್ಯಪಾಲರು, ಸಭಾಧ್ಯಕ್ಷರು, ಮುಖ್ಯಮಂತ್ರಿ, ಸುಪ್ರೀಂ ಕೋರ್ಟ್ ನಡುವಿನ ಹಗ್ಗಜಗ್ಗಾಟದ ಕಾದಂಬರಿಗೆ ನಾನು ಮೊದಲು ಮಾಡಿಕೊಂಡದ್ದು ತಾರೀಖುಗಳ ಪಟ್ಟಿ. ಪಾತ್ರಗಳು ಆಮೇಲೆ ಬಂದವು. ಈ ಜಗಳದಲ್ಲಿ ಎಲ್ಲರೂ ಎಳೆದಾಡುವುದು ಸಮಯವನ್ನೇ.

ಸಂವಿಧಾನ ಗಡುವು ಹೇಳಿರುವುದನ್ನು ಪಟ್ಟಿಯಲ್ಲಿ ಕಪ್ಪು ಶಾಯಿಯಲ್ಲಿ ಬರೆದೆ. ಎರಡು ಅಧಿವೇಶನಗಳ ನಡುವೆ ಆರು ತಿಂಗಳು ಕಳೆಯಬಾರದು (174ನೇ ವಿಧಿ). ಶಾಸಕನಲ್ಲದ ಮಂತ್ರಿ ಆರು ತಿಂಗಳೊಳಗೆ ಗೆದ್ದು ಬರಬೇಕು (164). ಸದನ ಮತ್ತೆ ಸೇರಿದ ಆರು ವಾರಕ್ಕೆ ಸುಗ್ರೀವಾಜ್ಞೆ ಬಿದ್ದುಹೋಗುತ್ತದೆ (213). ಗಡುವೇ ಇಲ್ಲದ್ದಕ್ಕೆ ಕೆಂಪು ಶಾಯಿ: ರಾಜೀನಾಮೆ ಪತ್ರವನ್ನು ಸಭಾಧ್ಯಕ್ಷರು ಎಷ್ಟು ದಿನ ಇಟ್ಟುಕೊಳ್ಳಬಹುದು, ಮಸೂದೆಯ ಕಡತ ರಾಜಭವನದಲ್ಲಿ ಎಷ್ಟು ದಿನ ಕೂರಬಹುದು. ಕಥೆ ಹುಟ್ಟುವುದು ಈ ಕೆಂಪು ಸಾಲುಗಳಲ್ಲಿ.

ಪಾಠಕ್ಕೆ ಕರ್ನಾಟಕದ್ದೇ ಎರಡು ಪ್ರಕರಣ ಸಾಕು. 2018ರ ಮೇ ತಿಂಗಳಲ್ಲಿ ಯಡಿಯೂರಪ್ಪನವರಿಗೆ ಬಹುಮತ ತೋರಿಸಲು ರಾಜ್ಯಪಾಲರು 15 ದಿನ ಕೊಟ್ಟರು. ಸುಪ್ರೀಂ ಕೋರ್ಟ್ ಅದನ್ನು ಕತ್ತರಿಸಿ 19ರ ಸಂಜೆ 4 ಗಂಟೆಗೆ ತಂದಿತು. ಮತಕ್ಕೆ ಹಾಕುವ ಮೊದಲೇ ರಾಜೀನಾಮೆ. 2019ರ ಜುಲೈನಲ್ಲಿ ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತ ಇನ್ನೂ ಸ್ವಾರಸ್ಯ. ಅತೃಪ್ತ ಶಾಸಕರನ್ನು ಸದನಕ್ಕೆ ಬನ್ನಿ ಎಂದು ಒತ್ತಾಯಿಸುವಂತಿಲ್ಲ ಎಂದು ಕೋರ್ಟ್ 17ರಂದು ಹೇಳಿತು. ಹಾಗಾದರೆ ಪಕ್ಷದ ಕಡ್ಡಾಯ ಆದೇಶವಾದ ವಿಪ್‌ಗೆ ಬೆಲೆ ಏನು ಎಂದು ಮರುದಿನ ಸಿದ್ದರಾಮಯ್ಯ ಕ್ರಿಯಾಲೋಪ (ಕಲಾಪ ನಿಯಮದಂತಿಲ್ಲ ಎಂಬ ಆಕ್ಷೇಪ) ಎತ್ತಿದರು. 19ರ ಮಧ್ಯಾಹ್ನ 1.30ಕ್ಕೆ ಮುಗಿಸಿ ಎಂದು ರಾಜ್ಯಪಾಲರು ಬರೆದರು. ಆ ಹೊತ್ತು ದಾಟಿತು. ಅಂದೇ ಇನ್ನೊಂದು ಪತ್ರ ಬಂತು, ಅದರ ಗಡುವೂ ದಾಟಿತು. ಮತದಾನ ಆದದ್ದು 23ಕ್ಕೆ: 99 ಪರ, 105 ವಿರುದ್ಧ.

ಈ ಅಂಕಿಗಳನ್ನು ಓದುಗ ಕೂಡಿ ನೋಡುತ್ತಾನೆ, ಹುಷಾರು. ಒಟ್ಟು 204. ಆಗ ಸದನದ ಬಲ ನಾಮನಿರ್ದೇಶಿತರೂ ಸೇರಿ 225. ಮತ ಹಾಕದ ಸಭಾಧ್ಯಕ್ಷರನ್ನು ಕಳೆದರೆ ಗೈರಾದವರು 20. ನನ್ನ ಕಾದಂಬರಿಯ ಪ್ರತಿ ಅಧ್ಯಾಯದ ತಲೆಯಲ್ಲಿ ಇಂಥದ್ದೇ ಲೆಕ್ಕ ಬರೆದಿಟ್ಟುಕೊಂಡಿದ್ದೆ: ಒಟ್ಟು, ಖಾಲಿ, ಗೈರು, ಹಾಜರು, ಅರ್ಧಕ್ಕಿಂತ ಒಂದು ಹೆಚ್ಚು. 113 ಎಂಬುದು 224ರ ಪೂರ್ತಿ ಸದನಕ್ಕೆ ಮಾತ್ರ. ವಿಶ್ವಾಸಮತಕ್ಕೆ ಬೇಕಾದದ್ದು ಹಾಜರಿದ್ದು ಮತ ಹಾಕಿದವರ ಬಹುಮತ. ಒಬ್ಬ ಶಾಸಕ ಆಸ್ಪತ್ರೆ ಸೇರಿದರೂ ಗಣಿತ ಜಾರುತ್ತದೆ. ಮಂತ್ರಿಗಿರಿ ಹಂಚುವ ದೃಶ್ಯಕ್ಕೂ ಮಿತಿ ಇದೆ. ಮಂತ್ರಿಗಳು ಸದನದ ಬಲದ ಶೇ. 15 ಮೀರಬಾರದು ಎಂಬ ನಿಯಮದಂತೆ ಇಲ್ಲಿ ಮುಖ್ಯಮಂತ್ರಿ ಸೇರಿ 34 ಕುರ್ಚಿ. ಐವತ್ತು ಜನಕ್ಕೆ ಮಾತು ಕೊಟ್ಟ ಮುಖ್ಯಮಂತ್ರಿ ಬೇಕಾದರೆ ಬರೆಯಿರಿ, ಉಳಿದ ಹದಿನೇಳು ಮಂದಿಯ ಮುನಿಸನ್ನೂ ಬರೆಯಬೇಕಾಗುತ್ತದೆ. ನಿಗಮ-ಮಂಡಳಿಗಳು ಇರುವುದೇ ಅದಕ್ಕೆ!

ಹೊಸಬರು ಎಡವುವುದು ಕಾಲದ ವಿಷಯದಲ್ಲಿ. 1989ರ ಕಥೆಯಲ್ಲಿ ಪಕ್ಷದ ಮೂರನೇ ಒಂದು ಭಾಗ ಒಡೆದು ಹೋದರೆ ಅನರ್ಹತೆ ಇಲ್ಲ. 2003ರ 91ನೇ ತಿದ್ದುಪಡಿ ಆ ಬಾಗಿಲು ಮುಚ್ಚಿತು, ಉಳಿದದ್ದು ಮೂರನೇ ಎರಡರ ವಿಲೀನ. ಮಸೂದೆ ತಡೆಯುವ ಕಥೆ ಇನ್ನೂ ನಾಜೂಕು. ತಮಿಳುನಾಡು ಪ್ರಕರಣದಲ್ಲಿ 2025ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ರಾಜ್ಯಪಾಲರಿಗೆ ಒಂದು ತಿಂಗಳು, ಮೂರು ತಿಂಗಳು ಎಂದು ಗಡುವು ಹಾಕಿತು; ಅದೇ ನವೆಂಬರ್‌ನಲ್ಲಿ ಐವರ ಪೀಠ ಅಂಥ ಗಡುವು ಹಾಕಲಾಗದು ಎಂದು ಅಭಿಪ್ರಾಯ ಕೊಟ್ಟಿತು. ಜೂನ್‌ನಲ್ಲಿ ನಡೆಯುವ ದೃಶ್ಯವನ್ನು ಡಿಸೆಂಬರ್‌ಗೆ ಎತ್ತಿಟ್ಟರೆ ವಕೀಲನ ಬಾಯಲ್ಲಿರುವ ವಾದ ಸುಳ್ಳಾಗುತ್ತದೆ.

ಸದನದ ದೃಶ್ಯದಲ್ಲಿ ಭಾಷಣ ಕಡಿಮೆ ಮಾಡಿ, ನಿಯಮ ಪುಸ್ತಕ ಕೈಗೆತ್ತಿಕೊಂಡೆ. ಆಳುವ ಪಕ್ಷಕ್ಕೆ ಎರಡು ತಾಸು ಬೇಕಾಗಿದೆ ಎನ್ನಿ:

“ಸನ್ಮಾನ್ಯ ಅಧ್ಯಕ್ಷರೇ, ಕ್ರಿಯಾಲೋಪ.”
“ಯಾವ ನಿಯಮದಡಿ ಎತ್ತುತ್ತಿದ್ದೀರಿ, ಹೇಳಿ.”
“ಹೇಳುತ್ತೇನೆ ಸ್ವಾಮಿ. ಅದಕ್ಕೂ ಮೊದಲು ರಾಜ್ಯಪಾಲರ ಪತ್ರ ಸದನಕ್ಕೆ ಬಂದದ್ದೋ, ಮುಖ್ಯಮಂತ್ರಿಗಳಿಗೆ ಬಂದದ್ದೋ, ಅದು ತೀರ್ಮಾನವಾಗಲಿ.”

ವಿರೋಧ ಪಕ್ಷದ ನಾಯಕ ಗಡಿಯಾರ ನೋಡಿದರೆ ಸಾಕು, ಏನಾಗುತ್ತಿದೆ ಎಂದು ಓದುಗನಿಗೆ ಗೊತ್ತಾಗುತ್ತದೆ. ಸದನದ ಬಾವಿ, ಹರಿದ ಕಾಗದ, ಮಾರ್ಷಲ್‌ಗಳು ಒಮ್ಮೆ ಬಂದರೆ ಚೆನ್ನ, ಮೂರನೇ ಸಲಕ್ಕೆ ಸವಕಲು.

ಕಾಗದಪತ್ರಗಳನ್ನು ಪಾತ್ರಗಳಷ್ಟೇ ಎಚ್ಚರದಿಂದ ಬರೆಯಬೇಕು. ಎಸ್.ಆರ್. ಬೊಮ್ಮಾಯಿ ಸರ್ಕಾರ 1989ರ ಏಪ್ರಿಲ್ 21ರಂದು ವಜಾ ಆದದ್ದು ಬೆಂಬಲ ಹಿಂತೆಗೆದ 19 ಶಾಸಕರ ಪತ್ರಗಳ ಮೇಲೆ. ಅವರಲ್ಲಿ ಏಳು ಮಂದಿ, ತಪ್ಪು ತಿಳಿವಳಿಕೆ ಕೊಟ್ಟು ಸಹಿ ಹಾಕಿಸಿಕೊಂಡರು ಎಂದು ಹಿಂದೆ ಸರಿದಿದ್ದರು. ಹಾಗಾಗಿ ಪ್ರತಿ ಪತ್ರಕ್ಕೂ ನಾಲ್ಕು ವಿವರ ಹಾಕಿಕೊಂಡೆ: ಯಾರು ಟೈಪ್ ಮಾಡಿದರು, ಎಲ್ಲಿ ಸಹಿಯಾಯಿತು, ಯಾರ ಕೈಯಿಂದ ತಲುಪಿತು, ಸ್ವೀಕೃತಿ ಮುದ್ರೆಯಲ್ಲಿ ಎಷ್ಟು ಗಂಟೆ.

ತಾರಕ ದೃಶ್ಯವನ್ನು ಅಂತಿಮ ತೀರ್ಪಿಗೆ ಕಟ್ಟಿದರೆ ಕಥೆ ಸತ್ತಂತೆ. ಬೊಮ್ಮಾಯಿ ಪ್ರಕರಣದ ತೀರ್ಪು ಬಂದದ್ದು 1994ರ ಮಾರ್ಚ್ 11ಕ್ಕೆ. ಅಷ್ಟರಲ್ಲಿ ಚುನಾವಣೆಯೇ ಮುಗಿದು ಬೇರೆ ಸರ್ಕಾರಗಳು ಬಂದಿದ್ದವು. ರಾತ್ರೋರಾತ್ರಿ ಬರುವ ಮಧ್ಯಂತರ ಆದೇಶಕ್ಕೆ ಕೊನೆಯ ಅಧ್ಯಾಯ ಕೊಟ್ಟೆ, ತೀರ್ಪನ್ನು ಉಪಸಂಹಾರದ ಒಂದು ಪ್ಯಾರಾದಲ್ಲಿ ಮುಗಿಸಿದೆ.