ಯುಕೆಗೆ ಹೊಸದಾಗಿ ಬಂದೋರಿಗೆ: ಪಿಪ್, ಡಿಎಲ್‌ಎ, ಅಟೆಂಡೆನ್ಸ್ ಅಲೋವೆನ್ಸ್ ಕ್ಲೈಮ್ ಮಾಡೋ ಮುಂಚೆ ಓದ್ಕೊಳ್ಳಿ

ಮಗೂಗೆ ಆಟಿಸಂ ಅಂತ ಡಾಕ್ಟರ್ ಹೇಳಿದಾರೆ, ಅಮ್ಮಂಗೆ ಸ್ಟ್ರೋಕ್ ಆಗಿ ಒಂದು ಕೈ ಆಡ್ತಿಲ್ಲ, ಯಜಮಾನ್ರಿಗೆ ಬೆನ್ನಿನ ಆಪರೇಷನ್ ಆದ್ಮೇಲೆ ಹತ್ತು ನಿಮಿಷ ನಿಲ್ಲಕ್ಕಾಗಲ್ಲ, ಇಲ್ಲಿ ಸರ್ಕಾರದೋರು ಏನಾದ್ರೂ ಕೊಡ್ತಾರಾ ಅಂತ ಕೇಳೋ ನಮ್ಮೋರು ಈಗ ತುಂಬ ಜನ ಇದಾರೆ. ಕೊಡ್ತಾರೆ. ಪಿಪ್ (ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್), ಡಿಎಲ್‌ಎ (ಡಿಸೆಬಿಲಿಟಿ ಲಿವಿಂಗ್ ಅಲೋವೆನ್ಸ್), ಅಟೆಂಡೆನ್ಸ್ ಅಲೋವೆನ್ಸ್, ಈ ಮೂರೂ ಖಾಯಿಲೆ, ಅಂಗವೈಕಲ್ಯದಿಂದ ಕಷ್ಟ ಇರೋರಿಗೆ ಸರ್ಕಾರ ಕೊಡೋ ಹಣ. ಆದ್ರೆ ಎಲ್ಲರಿಗೂ ಅಲ್ಲ, ತಾನಾಗೇ ಬರೋದೂ ಇಲ್ಲ, ಕೇಳಿ ತಗೋಬೇಕು. ನಾನು ಇಂಗ್ಲೆಂಡಲ್ಲಿ ಬಹಳ ವರ್ಷದಿಂದ ಇದೀನಿ, ನಮ್ಮ ಕಡೆಯೋರು ಫಾರಂ ತುಂಬುವಾಗ ಜೊತೇಲಿ ಕೂತಿದೀನಿ, ಹಾಗಾಗಿ ಗೊತ್ತಿರೋದನ್ನೆಲ್ಲ ಒಂದೇ ಕಡೆ ಬರೀತಿದೀನಿ, ಸ್ವಲ್ಪ ಉದ್ದ ಆಗತ್ತೆ, ಪೂರ್ತಿ ಓದಿ.

ಎಲ್ಲಕ್ಕಿಂತ ಮುಂಚೆ ವೀಸಾ ನೋಡ್ಕೊಳ್ಳಿ. ಸ್ಕಿಲ್ಡ್ ವರ್ಕರ್, ಸ್ಟೂಡೆಂಟ್, ಅವರ ಡಿಪೆಂಡೆಂಟ್ ವೀಸಾಗಳಲ್ಲಿ "ನೋ ಪಬ್ಲಿಕ್ ಫಂಡ್ಸ್", ಅಂದ್ರೆ ಸರ್ಕಾರದ ಇಂಥ ಹಣ ತಗೋಬಾರದು ಅನ್ನೋ ಷರತ್ತು ಇರತ್ತೆ, ನಿಮ್ಮ ಇ-ವೀಸಾ ಓಪನ್ ಮಾಡಿದ್ರೆ ಅಲ್ಲೇ ಕಾಣತ್ತೆ. ಪಿಪ್, ಡಿಎಲ್‌ಎ, ಅಟೆಂಡೆನ್ಸ್ ಅಲೋವೆನ್ಸ್, ಕೇರರ್ಸ್ ಅಲೋವೆನ್ಸ್ (ನೋಡ್ಕೊಳ್ಳೋರಿಗೆ ಕೊಡೋ ಹಣ), ಯೂನಿವರ್ಸಲ್ ಕ್ರೆಡಿಟ್ (ಆದಾಯ ಕಮ್ಮಿ ಇರೋರಿಗೆ ಕೊಡೋ ಹಣ) ಎಲ್ಲಾ ಆ ಪಬ್ಲಿಕ್ ಫಂಡ್ಸ್ ಪಟ್ಟೀಲೇ ಬರೋದು. ತಿಂಗಳು ತಿಂಗಳು ಟ್ಯಾಕ್ಸ್ ಕಟ್ತೀವಲ್ಲ ಅನ್ನೋ ಮಾತು ಅಲ್ಲಿ ನಡೆಯಲ್ಲ, ಷರತ್ತು ಇದ್ದಾಗ ಕ್ಲೈಮ್ ಮಾಡಿದ್ರೆ ಮುಂದೆ ವೀಸಾ ಎಕ್ಸ್‌ಟೆನ್ಷನ್‌ಗೂ ಐಎಲ್‌ಆರ್‌ಗೂ (ಇಲ್ಲೇ ಕಾಯಂ ಆಗಿ ಇರೋ ಪರ್ಮಿಷನ್) ತೊಂದರೆ ಆಗಬಹುದು. ವಿಸಿಟರ್ ವೀಸಾದಲ್ಲಿ ಬಂದಿರೋ ಅಪ್ಪ ಅಮ್ಮಂಗೆ ಅಂತೂ ಸಿಗೋ ಪ್ರಶ್ನೇನೇ ಇಲ್ಲ. ಮಕ್ಕಳು ಜವಾಬ್ದಾರಿ ತಗೋತೀವಿ ಅಂತ ಮುಚ್ಚಳಿಕೆ ಬರೆದುಕೊಟ್ಟು ಅಡಲ್ಟ್ ಡಿಪೆಂಡೆಂಟ್ ರಿಲೇಟಿವ್ ಆಗಿ ಕರೆಸಿಕೊಂಡ ಹಿರಿಯರ ವಿಷಯ ಬೇರೆ, ಅದರ ರೂಲ್ಸ್ ಸಿಕ್ಕುಸಿಕ್ಕಾಗಿದೆ, ಅಲ್ಲಿ ಅವರಿವರ ಮಾತು ಕೇಳ್ದೆ ಇಮಿಗ್ರೇಷನ್ನೂ ಬೆನಿಫಿಟ್ಟೂ ಎರಡೂ ಗೊತ್ತಿರೋ ಅಡ್ವೈಸರ್ ಹತ್ರ ಕೇಳಿಯೇ ಮುಂದೆ ಹೋಗಿ.

ಇನ್ನೊಂದು ಕಡೆ, ಐಎಲ್‌ಆರ್ ಬಂದು ವರ್ಷಗಳಾದ್ರೂ ಹೆದರಿಕೊಂಡು ಕೂತಿರೋರು ಇದಾರೆ, ಕ್ಲೈಮ್ ಮಾಡಿದ್ರೆ ಸಿಟಿಜನ್‌ಶಿಪ್ ಸಿಗಲ್ಲ ಅಂತ ಯಾರೋ ಹೇಳಿರ್ತಾರೆ. ಅದು ಸುಳ್ಳು. ನಿಮಗೆ ಹಕ್ಕಿರೋ ಬೆನಿಫಿಟ್ಟನ್ನ ನಿಜ ಹೇಳಿ ತಗೊಂಡ್ರೆ ಸಿಟಿಜನ್‌ಶಿಪ್ಪಿಗೆ ಏನೂ ಆಗಲ್ಲ. ಆದ್ರೆ ಐಎಲ್‌ಆರ್ ಜೊತೆಗೆ ಇನ್ನೊಂದು ಲೆಕ್ಕ ಇದೆ, ದೊಡ್ಡೋರು ಕಳೆದ 156 ವಾರದಲ್ಲಿ ಕನಿಷ್ಠ 104 ವಾರ ಇಲ್ಲೇ ಇದ್ದಿರಬೇಕು, ಅಂದ್ರೆ ಮೂರು ವರ್ಷದಲ್ಲಿ ಎರಡು ವರ್ಷ. ಮೂರು ವರ್ಷ ದಾಟಿದ, 16ರ ಒಳಗಿನ ಮಕ್ಕಳಿಗೆ ಕಳೆದ 52 ವಾರದಲ್ಲಿ 26 ವಾರ ಸಾಕು.

ಅಪ್ಪ ಅಮ್ಮ ಇನ್ನೂ ವರ್ಕ್ ವೀಸಾದಲ್ಲಿದ್ದು ಮಗು ಮಾತ್ರ ಬ್ರಿಟಿಷ್ ಸಿಟಿಜನ್ ಆಗಿರೋ ಮನೆಗಳೂ ಇವೆ. ಡಿಎಲ್‌ಎ ಮಗುವಿನ ಹೆಸರಿನ ಹಣ, ಹಾಗಾಗಿ ನೋಡೋದು ಮಗುವಿನ ಸ್ಟೇಟಸ್ಸು, ಅದನ್ನ ಕೇಳಬಹುದು. ಆದ್ರೆ ಅದರ ಮೇಲೆ ಬರೋ ಕೇರರ್ಸ್ ಅಲೋವೆನ್ಸ್ ಅಪ್ಪಂದೋ ಅಮ್ಮಂದೋ ಕ್ಲೈಮು, ಅದಕ್ಕೆ ಕೈ ಹಾಕಬೇಡಿ.

ನೋ ಪಬ್ಲಿಕ್ ಫಂಡ್ಸ್ ಷರತ್ತು ಇದೆ ಅಂದ ಮಾತ್ರಕ್ಕೆ ಎಲ್ಲಾ ಬಾಗಿಲೂ ಮುಚ್ಚಿದೆ ಅಂತ ಅಲ್ಲ, ಇದು ತುಂಬ ಜನಕ್ಕೆ ಗೊತ್ತಿಲ್ಲ, ಗೊತ್ತಿಲ್ಲದೆ ಮಕ್ಕಳ ವರ್ಷಗಳೇ ಹೋಗಿಬಿಡತ್ತೆ, ಅದು ನನಗೆ ನಿಜವಾಗ್ಲೂ ಸಂಕಟ. ಸರ್ಕಾರಿ ಸ್ಕೂಲಲ್ಲಿ ವಿಶೇಷ ಸಹಾಯ ಬೇಕಿರೋ ಮಗೂಗೆ ಸಿಗೋ ಸಪೋರ್ಟು, ಇಂಗ್ಲೆಂಡಲ್ಲಿ ಇಎಚ್‌ಸಿಪಿ ಅಂತಾರಲ್ಲ ಆ ಪ್ಲಾನು, ಅದು ಪಬ್ಲಿಕ್ ಫಂಡ್ಸ್ ಅಲ್ಲ. 1989ರ ಚಿಲ್ಡ್ರನ್ ಆಕ್ಟ್ ಸೆಕ್ಷನ್ 17ರ ಕೆಳಗೆ ಕೌನ್ಸಿಲ್ಲಿನೋರು ಅಂಗವೈಕಲ್ಯ ಇರೋ ಮಗುವಿನ ಅಗತ್ಯ ಏನು ಅಂತ ಅಸೆಸ್ ಮಾಡೋದೂ ಅಲ್ಲ. ಎಂಪ್ಲಾಯರ್ ಕೊಡೋ ಸಿಕ್ ಪೇ ಅಲ್ಲ, ನೀವು ನ್ಯಾಷನಲ್ ಇನ್ಶೂರೆನ್ಸ್ ಕಟ್ಟಿದ್ದರ ಮೇಲೆ, ಖಾಯಿಲೆಯಿಂದ ಕೆಲಸ ಮಾಡೋಕೆ ಕಷ್ಟ ಆದಾಗ ಸಿಗೋ ನ್ಯೂ ಸ್ಟೈಲ್ ಇಎಸ್‌ಎ ಕೂಡ ಅಲ್ಲ. ಇವನ್ನ ಕೇಳೋಕೆ ಹಿಂಜರಿಯಬೇಡಿ.

ಯಾವುದು ಯಾರಿಗೆ ಅಂದ್ರೆ, 16ರ ಒಳಗಿನ ಮಕ್ಕಳಿಗೆ ಡಿಎಲ್‌ಎ, 16ರಿಂದ ಪೆನ್ಷನ್ ವಯಸ್ಸಿನ ತನಕ ಪಿಪ್, ಆಮೇಲೆ ಹೊಸದಾಗಿ ಕೇಳೋರಿಗೆ ಅಟೆಂಡೆನ್ಸ್ ಅಲೋವೆನ್ಸ್. ಪೆನ್ಷನ್ ವಯಸ್ಸು 66 ಇದ್ದಿದ್ದು 2026ರ ಏಪ್ರಿಲಿಂದ ಸ್ವಲ್ಪ ಸ್ವಲ್ಪವಾಗಿ 67ರ ಕಡೆ ಏರ್ತಾ ಇದೆ. ಸ್ಕಾಟ್ಲೆಂಡಲ್ಲಿರೋರಿಗೆ ಹೆಸರುಗಳೂ ಬೇರೆ, ಆಫೀಸೂ ಬೇರೆ, ಅಲ್ಲಿ ಸೋಷಿಯಲ್ ಸೆಕ್ಯೂರಿಟಿ ಸ್ಕಾಟ್ಲೆಂಡ್ ನೋಡ್ಕೊಳ್ಳತ್ತೆ, ಪಿಪ್ ಬದಲು ಅಡಲ್ಟ್ ಡಿಸೆಬಿಲಿಟಿ ಪೇಮೆಂಟ್. 2025-26ರಲ್ಲಿ ಪಿಪ್ ಡೈಲಿ ಲಿವಿಂಗ್ (ದಿನನಿತ್ಯದ ಕೆಲಸ) ಭಾಗ ವಾರಕ್ಕೆ 73.90 ಅಥವಾ 110.40 ಪೌಂಡು, ಮೊಬಿಲಿಟಿ (ಓಡಾಟ) ಭಾಗ 29.20 ಅಥವಾ 77.05 ಇತ್ತು, ಪ್ರತಿ ಏಪ್ರಿಲ್ಲಿಗೆ ದರ ಬದಲಾಗತ್ತೆ. ಇದಕ್ಕೆ ಟ್ಯಾಕ್ಸ್ ಇಲ್ಲ, ಸಂಬಳ ಎಷ್ಟು, ಉಳಿತಾಯ ಎಷ್ಟು ಅಂತ ಕೇಳಲ್ಲ, ಕೆಲಸಕ್ಕೆ ಹೋಗ್ತಿದ್ರೂ ಸಿಗತ್ತೆ.

ಈಗ ಪಿಪ್ ಬಗ್ಗೆ, ಯಾಕಂದ್ರೆ ಜನ ಜಾಸ್ತಿ ಒದ್ದಾಡೋದು ಇಲ್ಲೇ. ಕರ್ನಾಟಕದಲ್ಲಿ ಅಂಗವೈಕಲ್ಯದ ಯುಡಿಐಡಿ ಕಾರ್ಡ್ ಮಾಡಿಸಿರೋರಿಗೆ ಪರ್ಸೆಂಟೇಜ್ ಲೆಕ್ಕ ಅಭ್ಯಾಸ ಆಗಿರತ್ತೆ, 40 ಪರ್ಸೆಂಟ್ ಸರ್ಟಿಫಿಕೇಟ್ ಇದ್ರೆ ಸೌಲಭ್ಯಗಳು ಶುರು. ಇಲ್ಲಿ ಆ ಪರ್ಸೆಂಟು ಲೆಕ್ಕಕ್ಕಿಲ್ಲ, ಖಾಯಿಲೆ ಹೆಸರು ಎಷ್ಟು ದೊಡ್ಡದಿದ್ರೂ ಬರೀ ಹೆಸರಿಗೆ ಹಣ ಇಲ್ಲ. ಹನ್ನೆರಡು ಕೆಲಸ ಇಟ್ಕೊಂಡಿದಾರೆ, ಅಡುಗೆ, ಊಟ, ಔಷಧಿ, ಸ್ನಾನ, ಟಾಯ್ಲೆಟ್, ಬಟ್ಟೆ ಹಾಕೋದು, ಮಾತು, ಓದೋದು, ಜನರ ಜೊತೆ ಬೆರೆಯೋದು, ದುಡ್ಡಿನ ಲೆಕ್ಕ, ಇವು ಹತ್ತು ಡೈಲಿ ಲಿವಿಂಗ್ ಭಾಗಕ್ಕೆ. ದಾರಿ ಕಂಡ್ಕೊಂಡು ಹೋಗೋದು, ನಡೆಯೋದು, ಇವೆರಡು ಮೊಬಿಲಿಟಿಗೆ. ಒಂದೊಂದಕ್ಕೂ ಪಾಯಿಂಟ್. ಒಂದು ಭಾಗದಲ್ಲಿ 8 ಬಂದ್ರೆ ಕಮ್ಮಿ ದರ, 12 ಬಂದ್ರೆ ಜಾಸ್ತಿ ದರ. ಕಷ್ಟ ಶುರುವಾಗಿ ಮೂರು ತಿಂಗಳಾಗಿರಬೇಕು, ಇನ್ನೂ ಒಂಬತ್ತು ತಿಂಗಳು ಇರೋ ಹಾಗೆ ಕಾಣಬೇಕು. ಊರಿನ ನಿಮ್ಹಾನ್ಸ್ ಅಥವಾ ಜಯದೇವದ ಹಳೇ ಡಿಸ್ಚಾರ್ಜ್ ಸಮ್ಮರಿ ಇದ್ರೆ ಖಂಡಿತ ಜೊತೇಲಿ ಕಳಿಸಿ, ಆದ್ರೆ ಈಗಿನ ಜಿಪಿ (ಇಲ್ಲಿ ನೀವು ಮೊದಲು ತೋರಿಸೋ ಡಾಕ್ಟರ್) ಅಥವಾ ಸ್ಪೆಷಲಿಸ್ಟ್ ಪತ್ರಾನೂ ಇರ್ಲಿ.

ಫಾರಂ ತುಂಬುವಾಗ ನಮ್ಮ ಮನೆಗಳಲ್ಲಿ ಆಗೋದೇನು ಅಂದ್ರೆ, ಯಾರಿಗೂ ಭಾರ ಆಗಬಾರದು, ಯಾರ ಹತ್ರಾನೂ ಕಷ್ಟ ಹೇಳ್ಕೋಬಾರದು ಅಂತ ಬೆಳೆದ ಜನ ನಾವು. ಅಡುಗೆ ಮಾಡ್ತೀರಾ ಅಂದ್ರೆ ಅಮ್ಮ ಹೂಂ ಮಾಡ್ತೀನಿ ಅಂತಾರೆ. ನಿಜವಾಗಿ ಆಗೋದು ಏನು, ತರಕಾರಿ ಸೊಸೆ ಹೆಚ್ಚಿಕೊಡ್ತಾಳೆ, ಕುಕ್ಕರ್ ಮಗ ಇಳಿಸ್ತಾನೆ, ಒಲೆ ಆರಿಸಿದಾರಾ ಅಂತ ಮೊಮ್ಮಗಳು ಹೋಗಿ ನೋಡ್ತಾಳೆ, ಅಮ್ಮ ಒಗ್ಗರಣೆ ಹಾಕ್ತಾರೆ ಅಷ್ಟೆ. ಈ ಮನೆಯೋರ ಕೆಲಸ ಎಲ್ಲಾ ಫಾರಂ ಮೇಲೆ ಬರಬೇಕು, ಪಾಯಿಂಟ್ ಇರೋದೇ ಅಲ್ಲಿ. ಅವರು ಕೇಳೋದು ಹತ್ತು ಜನರ ಅಡುಗೆ ಅಲ್ಲ, ಒಬ್ಬರಿಗೆ ಬೇಕಾದ ಸಾದಾ ಊಟ, ಅದನ್ನ ತಾವೊಬ್ಬರೇ ಮಾಡ್ಕೋಬಹುದಾ ಅಂತ. ಯಜಮಾನ್ರು ಜೀವಮಾನದಲ್ಲಿ ಅಡುಗೆಮನೆಗೆ ಕಾಲಿಟ್ಟಿಲ್ಲ ಅನ್ನೋದು ಉತ್ತರ ಅಲ್ಲ, ಈಗ ಮಾಡಬೇಕು ಅಂತ ಬಂದ್ರೆ ಅವರ ಕೈ, ಬೆನ್ನು, ನೆನಪು ಕೈಕೊಡೋದು ಎಲ್ಲಿ ಅಂತ ಬರೀಬೇಕು.

ಪ್ರತಿ ಕೆಲಸಕ್ಕೂ ನಾಲ್ಕು ವಿಷಯ ತಲೇಲಿಟ್ಕೊಳ್ಳಿ, ಅಪಾಯ ಇಲ್ದೆ ಮಾಡ್ತಾರಾ, ತಕ್ಕಮಟ್ಟಿಗೆ ಸರಿಯಾಗಿ ಮಾಡ್ತಾರಾ, ಬೇಕಾದಾಗೆಲ್ಲ ಮತ್ತೆ ಮತ್ತೆ ಮಾಡಕ್ಕಾಗತ್ತಾ, ಬೇರೆಯೋರಿಗೆ ಹಿಡಿಯೋ ಹೊತ್ತಿನ ಎರಡರಷ್ಟರ ಒಳಗೆ ಮುಗಿಸ್ತಾರಾ. ಇದರಲ್ಲಿ ಒಂದು ಆಗ್ದಿದ್ರೂ ಆ ಕೆಲಸ ಆಗಲ್ಲ ಅಂತಾನೇ ಲೆಕ್ಕ. ಒಂದ್ಸಲ ಮೆಟ್ಟಿಲು ಹತ್ತಿ ಆಮೇಲೆ ದಿನವೆಲ್ಲ ಮಲಗೋ ಹಾಗಾದ್ರೆ ಅದನ್ನೂ ಬರೀರಿ. ದಿನ ದಿನಕ್ಕೂ ಬೇರೆ ಬೇರೆ ಇದ್ರೆ, ಅರ್ಧಕ್ಕಿಂತ ಜಾಸ್ತಿ ದಿನ ಹೇಗಿರ್ತಾರೆ ಅನ್ನೋದು ಮುಖ್ಯ, ಅದಕ್ಕೇ ಫಾರಂ ಬರೋ ಮುಂಚೆನೇ ಎರಡು ವಾರ ಡೈರಿ ಬರೀರಿ, ಕನ್ನಡದಲ್ಲೇ ಬರ್ಕೊಂಡ್ರೂ ಸಾಕು, ಆಮೇಲೆ ಅದನ್ನ ನೋಡ್ಕೊಂಡು ಇಂಗ್ಲಿಷಲ್ಲಿ ತುಂಬಬಹುದು. ನೋವಿಂದಾಗಿ ಸ್ಟೂಲ್ ಇಲ್ದೆ ಸ್ನಾನ ಮಾಡಕ್ಕಾಗಲ್ಲ ಅಂದ್ರೆ ಆ ಸ್ಟೂಲೂ ಲೆಕ್ಕಕ್ಕೆ ಬರತ್ತೆ, ಬಿಡಬೇಡಿ. ನಡೆಯೋದನ್ನ ಮೀಟರಲ್ಲಿ ಕೇಳ್ತಾರೆ, 20, 50, 200 ಅಂತ, ಅಂದಾಜಿಗೆ ಹೇಳ್ದೆ ಮನೆ ಮುಂದೆ ಒಂದ್ಸಲ ಅಳೆದು ನೋಡಿ, ಎಲ್ಲಿ ನಿಂತ್ರು, ಎಷ್ಟು ಹೊತ್ತು ನಿಂತ್ರು, ಎಲ್ಲಾ ಬರೀರಿ. ಇಂಗ್ಲಿಷ್ ಬರಲ್ಲ ಅನ್ನೋದಕ್ಕೆ ಪಾಯಿಂಟ್ ಇಲ್ಲ, ತನ್ನ ಭಾಷೇಲಿ ಮಾತಾಡೋಕೆ, ಅರ್ಥ ಮಾಡ್ಕೊಳ್ಳೋಕೆ ಆಗತ್ತಾ ಅಂತ ನೋಡ್ತಾರೆ.

ಮನಸ್ಸಿನ ಖಾಯಿಲೆಗಳನ್ನ ನಮ್ಮೋರು ಮುಚ್ಚಿಡ್ತಾರೆ, ನಾಲ್ಕು ಜನಕ್ಕೆ ಗೊತ್ತಾದ್ರೆ ಮಗಳ ಮದುವೆ ಏನಾಗತ್ತೋ ಅಂತ. ದಯವಿಟ್ಟು ಫಾರಂ ಮೇಲೆ ಮುಚ್ಚಿಡಬೇಡಿ. ಡಿಪ್ರೆಷನ್, ಸ್ಕಿಜೋಫ್ರೇನಿಯಾ, ಪ್ಯಾನಿಕ್, ಎಲ್ಲಾ ಪಿಪ್‌ಗೆ ಬರತ್ತೆ, ನೀವು ಬರೆದಿದ್ದನ್ನ ಡಿಡಬ್ಲ್ಯೂಪಿಯೋರು (ಬೆನಿಫಿಟ್ ನೋಡ್ಕೊಳ್ಳೋ ಸರ್ಕಾರಿ ಇಲಾಖೆ) ನಿಮ್ಮ ಪರಿಚಯದೋರಿಗೆ ಹೇಳೋಕೆ ಹೋಗಲ್ಲ. ಸ್ನಾನ ಮಾಡಿ, ಊಟ ಮಾಡಿ, ಮಾತ್ರೆ ತಗೊಳ್ಳಿ ಅಂತ ದಿನಾ ಯಾರಾದ್ರೂ ಹೇಳಲೇಬೇಕಾಗಿದ್ರೆ ಅದೂ ಸಹಾಯಾನೇ.

ಕ್ಲೈಮ್ ಸಾಮಾನ್ಯವಾಗಿ ಫೋನಲ್ಲಿ ಶುರುವಾಗತ್ತೆ, ನೀವು ಫೋನ್ ಮಾಡಿದ ದಿನಾನೇ ಕ್ಲೈಮಿನ ತಾರೀಖು, ಆಮೇಲೆ ಫಾರಂ ತುಂಬಿ ಕಳಿಸೋಕೆ ಒಂದು ತಿಂಗಳು ಕೊಡ್ತಾರೆ, ಸಾಲಲ್ಲ ಅಂದ್ರೆ ಗಡುವು ಮುಗಿಯೋ ಮುಂಚೆ ಫೋನ್ ಮಾಡಿ ಇನ್ನೂ ಟೈಮ್ ಕೇಳಿ. ಇಂಟರ್ಪ್ರಿಟರ್ ಫ್ರೀಯಾಗಿ ಕೊಡ್ತಾರೆ, ಆದ್ರೆ ಕನ್ನಡ ಅಂತ ಬಿಡಿಸಿ ಹೇಳಿ, ಇಂಡಿಯನ್ ಅಂದಕೂಡ್ಲೇ ಹಿಂದಿಯೋರನ್ನ ಹಾಕಿಬಿಡಬಹುದು. ಆಮೇಲೆ ಅಸೆಸ್ಮೆಂಟ್, ಅಂದ್ರೆ ಅಸೆಸರ್ ಒಬ್ಬರು ನಿಮ್ಮ ಕಷ್ಟದ ಬಗ್ಗೆ ಪ್ರಶ್ನೆ ಕೇಳೋದು, ಫೋನಲ್ಲೋ ವಿಡಿಯೋದಲ್ಲೋ ಎದುರಿಗೋ. ಜೊತೆಗೆ ಒಬ್ಬರು ಇರಬಹುದು, ರೆಕಾರ್ಡ್ ಮಾಡಿ ಅಂತ ಮುಂಚೆನೇ ಕೇಳ್ಕೋಬಹುದು. ಹೇಗಿದೀರಿ, ಇವತ್ತು ಹೇಗೆ ಬಂದ್ರಿ ಅಂತ ಸುಮ್ನೆ ಮಾತಿಗೆ ಕೇಳಿದ ಹಾಗಿರತ್ತೆ, ಆ ಉತ್ತರಾನೂ ರಿಪೋರ್ಟಲ್ಲಿ ಬರತ್ತೆ. ಬಂದವರಿಗೆ ಮರ್ಯಾದೆ ಅಂತ ನೋವು ನುಂಗಿಕೊಂಡು ನೆಟ್ಟಗೆ ಕೂರೋದು, ಎದ್ದು ಬಾಗಿಲ ತನಕ ಬಿಟ್ಟುಬರೋದು ಮಾಡಬೇಡಿ ಅಂತ ಹಿರಿಯರಿಗೆ ಮೊದಲೇ ಹೇಳಿ. ಜಾಸ್ತಿ ಮಾಡಿ ಹೇಳೋದೂ ಬೇಡ, ಇರೋದನ್ನ ಇರೋ ಹಾಗೆ ಹೇಳಿದ್ರೆ ಸಾಕು.

ಆಗಲ್ಲ ಅಂತ ಲೆಟರ್ ಬಂದ್ರೆ ಅದನ್ನ ಡ್ರಾಯರಲ್ಲಿ ಹಾಕಿ ಮರೀಬೇಡಿ. ಲೆಟರಿನ ತಾರೀಖಿಂದ ಒಂದು ತಿಂಗಳೊಳಗೆ ಮ್ಯಾಂಡೇಟರಿ ರೀಕನ್ಸಿಡರೇಷನ್, ಅಂದ್ರೆ ತೀರ್ಮಾನ ಇನ್ನೊಂದ್ಸಲ ನೋಡಿ ಅಂತ ಕೇಳಿ, ಅಸೆಸರ್ ಬರೆದ ರಿಪೋರ್ಟಿನ ಕಾಪೀನೂ ಕೇಳಿ ತರಿಸ್ಕೊಳ್ಳಿ, ಯಾವ ಕೆಲಸಕ್ಕೆ ಎಷ್ಟು ಪಾಯಿಂಟ್ ಕೊಟ್ಟಿದಾರೆ, ಎಷ್ಟು ಬರಬೇಕಿತ್ತು, ಯಾಕೆ ಅಂತ ಒಂದೊಂದಾಗಿ ಬರೀರಿ. ಅದರಲ್ಲೂ ಆಗ್ಲಿಲ್ಲ ಅಂದ್ರೆ ಮತ್ತೆ ಒಂದು ತಿಂಗಳೊಳಗೆ ಟ್ರಿಬ್ಯೂನಲ್‌ಗೆ ಅಪೀಲ್. ಕೋರ್ಟು ಕಚೇರಿ ಅಂದ್ರೆ ನಮ್ಮೋರು ಮೈಲಿ ದೂರ ಓಡ್ತಾರೆ, ಆದ್ರೆ ಇದಕ್ಕೆ ಫೀಸ್ ಇಲ್ಲ, ಲಾಯರೇ ಬೇಕು ಅಂತಿಲ್ಲ, ಒಬ್ಬ ಜಡ್ಜು, ಒಬ್ಬ ಡಾಕ್ಟರು, ಅಂಗವೈಕಲ್ಯದ ಅನುಭವ ಇರೋ ಇನ್ನೊಬ್ಬರು, ಈ ಮೂವರು ಡಿಡಬ್ಲ್ಯೂಪಿಗೆ ಸೇರಿದೋರಲ್ಲ. ಪಿಪ್ ಹಿಯರಿಂಗ್ ತನಕ ಹೋದ ಕೇಸುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಗೆಲ್ತಾ ಬಂದಿದಾರೆ. ಒಂದು ಎಚ್ಚರಿಕೆ, ಈಗಾಗ್ಲೇ ಸ್ವಲ್ಪ ಹಣ ಬರ್ತಿದ್ದು ಇನ್ನೂ ಜಾಸ್ತಿ ಕೇಳ್ತಿದ್ರೆ ಇರೋದೂ ಕಮ್ಮಿ ಆಗಬಹುದು, ಅದಕ್ಕೇ ಅಡ್ವೈಸರ್ ಹತ್ರ ತೋರಿಸಿ ಹೋಗಿ.

ಸಹಾಯಕ್ಕೆ ದುಡ್ಡು ಕೊಡಬೇಡಿ. ಕ್ಲೈಮ್ ಪಾಸ್ ಮಾಡಿಸ್ಕೊಡ್ತೀನಿ, ಬಂದಿದ್ರಲ್ಲಿ ಇಷ್ಟು ಕೊಡಿ ಅನ್ನೋರು ನಮ್ಮ ಮಧ್ಯಾನೂ ಇದಾರೆ, ಎಲ್ಲರಿಗೂ ಒಂದೇ ಥರ ಉತ್ತರ ಬರೆದು ಕೊಡ್ತಾರೆ, ಸುಳ್ಳು ಅಂತ ಗೊತ್ತಾದ್ರೆ ಸಿಕ್ಕಿಹಾಕ್ಕೊಳ್ಳೋದು ಸಹಿ ಹಾಕಿದ ನೀವು. ಸಿಟಿಜನ್ಸ್ ಅಡ್ವೈಸ್ ಅನ್ನೋ ಸಂಸ್ಥೆಯ ಸಲಹೆ ಫ್ರೀ, ಹಲವು ಕೌನ್ಸಿಲ್‌ಗಳಲ್ಲಿ ವೆಲ್ಫೇರ್ ರೈಟ್ಸ್ ಟೀಮ್ ಇರತ್ತೆ, ಹಿರಿಯರ ಅಟೆಂಡೆನ್ಸ್ ಅಲೋವೆನ್ಸ್ ಫಾರಂಗೆ ಏಜ್ ಯುಕೆ, ಕ್ಯಾನ್ಸರ್ ಇದ್ರೆ ಮ್ಯಾಕ್‌ಮಿಲನ್, ಮಕ್ಕಳ ಡಿಎಲ್‌ಎಗೆ ಕಾಂಟ್ಯಾಕ್ಟ್ ಅನ್ನೋ ಚಾರಿಟಿ. ವೀಸಾ ವಿಷಯದ ಸಲಹೆ ಕೊಡೋರು ಸಾಲಿಸಿಟರ್ ಆಗಿರಬೇಕು ಅಥವಾ ಇಮಿಗ್ರೇಷನ್ ಅಡ್ವೈಸ್ ಅಥಾರಿಟೀಲಿ ರಿಜಿಸ್ಟರ್ ಆಗಿರಬೇಕು, 2025ರ ಮುಂಚೆ ಅದನ್ನ ಓಐಎಸ್‌ಸಿ ಅಂತಿದ್ರು. ಈ ಜಾಗಗಳಲ್ಲಿ ಅಪಾಯಿಂಟ್ಮೆಂಟ್ ಸಿಗೋಕೆ ವಾರಗಳಾಗತ್ತೆ, ಫಾರಂ ಕೈಗೆ ಬಂದ ದಿನಾನೇ ಬುಕ್ ಮಾಡಿ.

ವಾಟ್ಸಾಪಲ್ಲಿ ಪಿಪ್ ನಿಂತೇ ಹೋಯ್ತು ಅಂತ ಫಾರ್ವರ್ಡ್ ಬರ್ತಾ ಇರತ್ತೆ. 2025ರಲ್ಲಿ ಒಂದೇ ಕೆಲಸದಲ್ಲಿ 4 ಪಾಯಿಂಟ್ ಬಂದಿರಲೇಬೇಕು ಅನ್ನೋ ರೂಲ್ ತರೋಕೆ ಸರ್ಕಾರ ಹೊರಟಿದ್ದು ನಿಜ, ಆದ್ರೆ ಜುಲೈಯಲ್ಲಿ ಅದನ್ನ ಪಾರ್ಲಿಮೆಂಟಲ್ಲಿದ್ದ ಬಿಲ್ಲಿಂದ ತೆಗೆದ್ರು, ಪಿಪ್ ಹೇಗಿರಬೇಕು ಅಂತ ನೋಡೋ ಕೆಲಸ ಮಿನಿಸ್ಟರ್ ಸ್ಟೀಫನ್ ಟಿಮ್ಸ್ ಅವರ ರಿವ್ಯೂಗೆ ಹೋಯ್ತು. ಸರ್ಕಾರದ ವೆಬ್‌ಸೈಟ್ ಗವ್ ಡಾಟ್ ಯುಕೆ ನೋಡ್ದೆ ಏನನ್ನೂ ನಂಬಬೇಡಿ.

ಹಣ ಬರೋಕೆ ಶುರುವಾದ್ಮೇಲೆ ಮನೇಲಿ ವಾರಕ್ಕೆ 35 ಗಂಟೆ ನೋಡ್ಕೊಳ್ಳೋರು ಕೇರರ್ಸ್ ಅಲೋವೆನ್ಸ್ ಕೇಳಬಹುದಾ ನೋಡಿ, 2025-26ರಲ್ಲಿ ವಾರಕ್ಕೆ 83.30 ಪೌಂಡು ಇತ್ತು. ಪಾರ್ಟ್ ಟೈಮ್ ಕೆಲಸ ಮಾಡ್ತಿದ್ರೆ ತುಂಬ ಹುಷಾರು, ಆ ವರ್ಷ ಸಂಪಾದನೆಯ ಮಿತಿ ವಾರಕ್ಕೆ 196 ಪೌಂಡು ಇತ್ತು, ಮಿತಿಗಿಂತ ಒಂದು ಪೌಂಡ್ ಮೇಲೆ ಹೋದ್ರೂ ಆ ವಾರದ ಪೂರ್ತಿ ಹಣ ಹೋಗತ್ತೆ, ಹೇಳದೇ ಬಿಟ್ಟು ವರ್ಷಗಟ್ಟಲೆ ಆದ್ಮೇಲೆ ಸಾವಿರಾರು ಪೌಂಡ್ ವಾಪಸ್ ಕಟ್ಟಿದೋರು ಈ ದೇಶದಲ್ಲಿ ತುಂಬ ಜನ ಇದಾರೆ.

ಊರಿಗೆ ಹೋಗೋ ವಿಷಯ. ಪಿಪ್ ಇದ್ದೋರು ತಾತ್ಕಾಲಿಕವಾಗಿ ಹೊರದೇಶದಲ್ಲಿದ್ರೆ 13 ವಾರದ ತನಕ ಹಣ ಬರತ್ತೆ, ಚಿಕಿತ್ಸೆಗೇ ಅಂತ ಹೋದ್ರೆ 26 ವಾರ. ನಾಲ್ಕು ವಾರಕ್ಕಿಂತ ಜಾಸ್ತಿ ಇರ್ತೀರಿ ಅಂದ್ರೆ ಹೊರಡೋ ಮುಂಚೆನೇ ಡಿಡಬ್ಲ್ಯೂಪಿಗೆ ತಿಳಿಸಿ. ಮತ್ತೆ ಕಳಿಸೋ ಫಾರಂನ ಪ್ರತಿ ಪುಟಾನೂ ಫೋಟೋ ತೆಗೆದು ಇಟ್ಕೊಳ್ಳಿ, ಕೆಲವು ವರ್ಷ ಆದ್ಮೇಲೆ ರಿವ್ಯೂ ಫಾರಂ ಬಂದೇ ಬರತ್ತೆ, ಹೋದ ಸಲಕ್ಕಿಂತ ಈಗ ಏನು ಬದಲಾಗಿದೆ ಅಂತ ಕೇಳ್ತಾರೆ, ಹೋದ ಸಲ ಏನು ಬರೆದಿದ್ರಿ ಅಂತ ಆಗ ಕೈಯಲ್ಲಿರಬೇಕು.