ಅಪ್ಪ ಹೇಳದೇ ಹೋದದ್ದು: ಆಲ್ಬರ್ಟಾದ ಉಕ್ರೇನಿಯನ್ ಮನೆಗಳಲ್ಲಿ ಮೌಖಿಕ ಇತಿಹಾಸ ದಾಖಲಿಸಿದ ನನ್ನ ಅನುಭವ

ಕೆನಡಾದ ಆಲ್ಬರ್ಟಾ ಪ್ರಾಂತದ ಎಡ್ಮಂಟನ್ ನಗರಕ್ಕೆ ಬಂದು ನೆಲೆಸುವ ಮೊದಲು ನಾನು ಸಾಗರ, ಸೊರಬದ ಹಳ್ಳಿಗಳಲ್ಲಿ ಹಾಡುವ ಹೆಂಗಸರ ಮುಂದೆ ರೆಕಾರ್ಡರ್ ಹಿಡಿದು ಕುಳಿತವಳು. ಹಾಡನ್ನು ದಾಖಲಿಸುವಾಗ ಹಾಡು ಅಲ್ಲಿ ಮೊದಲೇ ಇರುತ್ತದೆ, ಹಾಡುವವರು ಮನಸ್ಸು ಮಾಡಿದರೆ ಸಾಕು. ಮನೆತನದ ಕಥೆ ಹಾಗೆ ಸಿದ್ಧವಾಗಿ ಕಾದಿರುವುದಿಲ್ಲ, ಕೇಳುವವರ ಒಂದು ಅಜಾಗರೂಕ ಮಾತು ಅದರ ಆಕಾರವನ್ನೇ ಬದಲಿಸಿಬಿಡಬಲ್ಲದು ಎಂಬುದನ್ನು ನಾನು ಕಲಿತದ್ದು ಎಡ್ಮಂಟನ್ನಿನ ಪೂರ್ವಕ್ಕಿರುವ ಲಮಾಂಟ್, ಮಂಡೇರ್, ವೆಗ್ರೆವಿಲ್ ಸುತ್ತಮುತ್ತಲಿನ ಉಕ್ರೇನಿಯನ್ ಮೂಲದ ವೃದ್ಧರ ಅಡುಗೆಮನೆಗಳಲ್ಲಿ. ಒಂದು ಸಣ್ಣ ಸ್ವಯಂಸೇವಾ ಯೋಜನೆಗಾಗಿ ಅಲ್ಲಿ ನಾವು ಆರು ವರ್ಷ ಓಡಾಡಿ ನಲವತ್ತಕ್ಕೂ ಹೆಚ್ಚು ಸಂದರ್ಶನಗಳನ್ನು ಧ್ವನಿಮುದ್ರಿಸಿದೆವು.

ಆ ಜನ ಅಲ್ಲಿಗೆ ಬಂದ ಬಗೆಯನ್ನು ಮೊದಲು ಹೇಳಬೇಕು. 1891ರ ಸೆಪ್ಟೆಂಬರಿನಲ್ಲಿ, ಆಗ ಆಸ್ಟ್ರಿಯಾ-ಹಂಗರಿ ಸಾಮ್ರಾಜ್ಯಕ್ಕೆ ಸೇರಿದ್ದ ಗಲೀಶಿಯಾ ಪ್ರಾಂತದ, ಇಂದು ಪಶ್ಚಿಮ ಉಕ್ರೇನಿನಲ್ಲಿರುವ ನೆಬಿಲಿವ್ ಎಂಬ ಹಳ್ಳಿಯಿಂದ ಇವಾನ್ ಪಿಲಿಪಿವ್ ಮತ್ತು ವಾಸಿಲ್ ಎಲೆನ್ಯಾಕ್ ಕೆನಡಾಕ್ಕೆ ಬಂದಿಳಿದರು. 1895ರಲ್ಲಿ ಒಸಿಪ್ ಒಲೆಸ್ಕಿವ್ ಎಂಬ ವಿದ್ವಾಂಸ ಅಲ್ಲಿನ ಖಾಲಿ ಭೂಮಿಯ ಬಗ್ಗೆ ಕಿರುಹೊತ್ತಗೆ ಬರೆದು ತಾನೂ ಕೆನಡಾವನ್ನು ನೋಡಿ ಬಂದ ಮೇಲೆ ವಲಸೆ ಹೊಳೆಯಂತೆ ಹರಿಯಿತು. ಅರ್ಜಿಗೆ 10 ಡಾಲರ್ ಕಟ್ಟಿದರೆ 160 ಎಕರೆ, ಮೂರು ವರ್ಷ ಅಲ್ಲೇ ನೆಲೆಸಿ ನೆಲ ಒಡೆದು ಉತ್ತರೆ ಅದು ಸ್ವಂತ. ತುಂಡುತುಂಡಾಗಿ ಹಂಚಿಹೋದ ಹಿಡುವಳಿಯಲ್ಲಿ ಬದುಕುತ್ತಿದ್ದ ರೈತನಿಗೆ ಇದಕ್ಕಿಂತ ದೊಡ್ಡ ಮಾತು ಬೇರೆ ಇರಲಿಲ್ಲ. 1914ರ ಹೊತ್ತಿಗೆ ಗಲೀಶಿಯಾ ಮತ್ತು ಬುಕೊವಿನಾ ಪ್ರಾಂತಗಳಿಂದ ಸುಮಾರು 1,70,000 ಜನ ಬಂದಿದ್ದರು. ಅವರನ್ನು ರುಥೇನಿಯನ್ನರು ಎಂದೂ ಗಲೀಶಿಯನ್ನರು ಎಂದೂ ಕರೆದರು. ಕಾಗದಪತ್ರಗಳಲ್ಲಿ ಹಲವು ಸಲ ಬರೀ ‘ಆಸ್ಟ್ರಿಯನ್’ ಎಂದು ಬರೆದುಕೊಂಡರು. ಮುಂದೆ ಅವರ ಮೇಲೆ ಎರಗಿದ್ದು ಈ ಕೊನೆಯ ಶಬ್ದವೇ.

ನನ್ನ ಜೊತೆಗಿದ್ದ ಸಹೋದ್ಯೋಗಿ ಅದೇ ಸಮುದಾಯದ ಮೂರನೆಯ ತಲೆಮಾರಿನವರು, ಮನೆಯಲ್ಲಿ ಉಕ್ರೇನಿಯನ್ ಮಾತಾಡುತ್ತ ಬೆಳೆದವರು. ಭಾಷೆಯ ಹೊಣೆ ಅವರದು, ಕೇಳುವ ಹೊಣೆ ಹೆಚ್ಚಾಗಿ ನನ್ನದು. ಹೊರಗಿನವಳಾದ ನನ್ನಿಂದ ಈ ಕೆಲಸಕ್ಕೆ ತೊಡಕಾದೀತೆಂದು ಅಂಜಿದ್ದೆ, ಆದರೆ ನಡೆದದ್ದು ಬೇರೆ. ಕ್ರಿಸ್‌ಮಸ್ ಹಿಂದಿನ ರಾತ್ರಿಯ ಹನ್ನೆರಡು ಬಗೆಯ ಊಟವನ್ನಾಗಲಿ, ಮನೆಯ ಮೂಲೆಯಲ್ಲಿ ನಿಲ್ಲಿಸುವ ‘ದಿದುಖ್’ ಎಂಬ ತೆನೆಯ ಕಟ್ಟನ್ನಾಗಲಿ ಸಹೋದ್ಯೋಗಿಗೆ ಯಾರೂ ವಿವರಿಸುತ್ತಿರಲಿಲ್ಲ, ‘ನಿನಗೆ ಗೊತ್ತೇ ಇದೆಯಲ್ಲ’ ಎಂದು ಮುಂದೆ ಸಾಗುತ್ತಿದ್ದರು. ನನಗಾದರೆ ಗೋಧಿ, ಜೇನು, ಗಸಗಸೆ ಸೇರಿಸಿ ಮಾಡುವ ‘ಕುತ್ಯಾ’ದ ಮೊದಲ ತುತ್ತನ್ನು ಯಾರು ತೆಗೆದುಕೊಳ್ಳಬೇಕು ಎಂಬಲ್ಲಿಂದಲೇ ಹೇಳಬೇಕಾಗುತ್ತಿತ್ತು.

ಮೊದಲ ಭೇಟಿಗೆ ನಾವು ರೆಕಾರ್ಡರ್ ಒಯ್ಯುತ್ತಿರಲಿಲ್ಲ. ಎರಡನೆಯ ಭೇಟಿಯಲ್ಲಿ ಕೂರುವ ಜಾಗ ಅಡುಗೆಮನೆಯಾದರೆ ಮನೆಯವರ ಅಪ್ಪಣೆ ಪಡೆದು ಫ್ರಿಜ್ ಆರಿಸುತ್ತಿದ್ದೆ, ಏಕೆಂದರೆ ಅದರ ಗುಂಯ್‌ಗುಡುವಿಕೆ ಕೇಳುವಾಗ ನಮ್ಮ ಕಿವಿಗೆ ಬೀಳದಿದ್ದರೂ ಧ್ವನಿಮುದ್ರಣದಲ್ಲಿ ಇಡೀ ಮಾತಿನ ಅಡಿಗೆ ಹಾಸಿಕೊಂಡಿರುತ್ತದೆ. ಕಾರಿನ ಕೀಲಿಯನ್ನು ಆ ಫ್ರಿಜ್ಜಿನೊಳಗೇ ಇಟ್ಟರೆ ಹೊರಡುವಾಗ ಅದನ್ನು ಮತ್ತೆ ಚಾಲೂ ಮಾಡುವುದು ಮರೆಯುವುದಿಲ್ಲ. ಎರಡು ರೆಕಾರ್ಡರ್‌ಗಳು ಏಕಕಾಲಕ್ಕೆ ಓಡುತ್ತಿರಬೇಕು ಎಂಬುದು ನಮ್ಮ ಇನ್ನೊಂದು ನಿಯಮವಾಗಿತ್ತು.

‘ನಿಮ್ಮ ಬದುಕಿನ ಬಗ್ಗೆ ಹೇಳಿ’ ಎಂದು ಆರಂಭಿಸಿದರೆ ಯಾರೂ ಏನೂ ಹೇಳುವುದಿಲ್ಲ, ‘ಹೇಳಲಿಕ್ಕೆ ಏನಿದೆ, ದುಡಿದೆವು’ ಎನ್ನುತ್ತಾರೆ. ‘ನಿಮ್ಮ ಮನೆಯಲ್ಲಿ ಒಲೆ ಎಲ್ಲಿತ್ತು, ಅದಕ್ಕೆ ಮಣ್ಣು ಮೆತ್ತುತ್ತಿದ್ದವರು ಯಾರು’ ಎಂದು ಕೇಳಿದರೆ ಗಂಟೆಗಟ್ಟಲೆ ಮಾತು ಬರುತ್ತದೆ. ಬಂದ ಮೊದಲ ಚಳಿಗಾಲಗಳನ್ನು ಹಿರಿಯರು ಕಳೆದ ‘ಬುರ್ದೆಯ್’ ಎಂಬ ನೆಲಗುಡಿಸಲಿನ ವಿವರಗಳು ನನಗೆ ದೊರೆತದ್ದು ಹೀಗೆಯೇ. ನೆಲವನ್ನು ಅಗೆದು, ಮೇಲೆ ಪಾಪ್ಲರ್ ಮರದ ದಿಮ್ಮಿಗಳನ್ನು ಓರೆಯಾಗಿ ನಿಲ್ಲಿಸಿ, ಹುಲ್ಲುಬೇರಿನ ಸಮೇತ ಕಿತ್ತ ಮಣ್ಣಿನ ಹೆಂಟೆಗಳನ್ನು ಹೊದಿಸಿದ ಆ ಗುಂಡಿಯೊಳಗೆ ತಂದೆ, ತಾಯಿ, ಮಕ್ಕಳೆಲ್ಲ ಒಂದು ಅಥವಾ ಎರಡು ಚಳಿಗಾಲ ಕಳೆಯುತ್ತಿದ್ದರು. ಮುಂದೆ ಕಟ್ಟಿದ ದಿಮ್ಮಿಯ ಮನೆಗೆ ಹೆಂಗಸರು ಜೇಡಿಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತಿ, ಸುಣ್ಣ ಬಳಿದು, ಬಾಗಿಲನ್ನು ದಕ್ಷಿಣಕ್ಕೆ ಇಡುತ್ತಿದ್ದರು. ಗೋಡೆ ಮೆತ್ತುವ ದಿನ ನೆರೆಹೊರೆಯವರೆಲ್ಲ ಬಂದು ದುಡಿಯುವುದಕ್ಕೆ ‘ತೊಲೋಕಾ’ ಎನ್ನುತ್ತಾರೆ ಎಂದು ಒಬ್ಬ ಅಜ್ಜಿ ಹೇಳಿದಾಗ, ನಮ್ಮೂರಿನಲ್ಲಿ ಅದಕ್ಕೆ ಮುಯ್ಯಾಳು ಎನ್ನುತ್ತೇವೆ ಎಂದೆ. ಆಕೆ ಆ ಶಬ್ದವನ್ನು ಎರಡು ಸಲ ಉಚ್ಚರಿಸಿ ನೋಡಿದರು. ನನ್ನ ಸಂಗ್ರಹದಲ್ಲಿ ನನಗೆ ತೀರ ಇಷ್ಟವಾದ ಕ್ಷಣಗಳಲ್ಲಿ ಅದೂ ಒಂದು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಕೆನಡಾ ಸರ್ಕಾರ ಯುದ್ಧಕಾಲೀನ ಕ್ರಮಗಳ ಕಾಯಿದೆ ತಂದು, ಆಸ್ಟ್ರಿಯಾ-ಹಂಗರಿಯಿಂದ ಬಂದವರನ್ನು ಶತ್ರುದೇಶದವರು ಎಂದು ಘೋಷಿಸಿತು. ಸುಮಾರು 80,000 ಜನ ಹೆಸರು ನೋಂದಾಯಿಸಿ, ಗುರುತಿನ ಕಾಗದ ಹಿಡಿದು, ನಿಯತವಾಗಿ ಅಧಿಕಾರಿಗಳ ಮುಂದೆ ಹಾಜರಾಗಬೇಕಾಯಿತು. 8,579 ಜನರನ್ನು 24 ಶಿಬಿರಗಳಲ್ಲಿ ಕೂಡಿಹಾಕಿದರು, ಅವರಲ್ಲಿ ಹೆಚ್ಚಿನವರು ಉಕ್ರೇನಿಯನ್ನರು. ದಿನಕ್ಕೆ 25 ಸೆಂಟ್ ಕೂಲಿಗೆ ಅವರು ಕಾಡು ಕಡಿದರು, ರಸ್ತೆ ಹಾಕಿದರು. ಯುದ್ಧ 1918ರಲ್ಲಿ ಮುಗಿದರೂ ಕೊನೆಯ ಶಿಬಿರ ಮುಚ್ಚಿದ್ದು 1920ರಲ್ಲಿ. ಸರ್ಕಾರದ ಹಲವು ಕಡತಗಳು ಮುಂದೆ ನಾಶವಾದವು, ಬಿಡುಗಡೆಯಾಗಿ ಬಂದ ಗಂಡಸರು ನಾಚಿಕೆಯಿಂದಲೋ ಭಯದಿಂದಲೋ ಬಾಯಿ ಬಿಡಲಿಲ್ಲ. ಆದ್ದರಿಂದ ಈ ವಿಷಯದಲ್ಲಿ ಮಕ್ಕಳ ನೆನಪೇ ಅಮೂಲ್ಯ ಎಂದು ನಾನು ಅವಸರಪಟ್ಟೆ.

2016ರಲ್ಲಿ ಎಂಬತ್ತಾರು ವರ್ಷದ ಒಬ್ಬ ಅಜ್ಜಿಯನ್ನು ಸಂದರ್ಶಿಸುತ್ತಿದ್ದೆ. ಅವರ ತಂದೆ 1912ರಲ್ಲಿ ಒಂಟಿಯಾಗಿ ಬಂದು ರೈಲುಹಾದಿಯ ಕೂಲಿಯಾಗಿದ್ದವರು. ಶಿಬಿರದ ಬಗ್ಗೆ ಅಜ್ಜಿಗೆ ತಿಳಿದಿದ್ದದ್ದು ಒಂದೇ ವಾಕ್ಯ. ತಾಯಿ ಯಾವಾಗಲೋ ‘ನಿಮ್ಮಪ್ಪ ಬೆಟ್ಟದಲ್ಲಿದ್ದರು’ ಎಂದಿದ್ದರಂತೆ. ಓದಿಕೊಂಡಿದ್ದ ಉತ್ಸಾಹದಲ್ಲಿ ನಾನು, ‘ಹಾಗಾದರೆ ಬ್ಯಾನ್ಫಿನ ಕ್ಯಾಸಲ್ ಮೌಂಟನ್ ಶಿಬಿರವೇ?’ ಎಂದು ಕೇಳಿ, ಡೇರೆಗಳಿದ್ದ ಆ ಶಿಬಿರದ ಹಳೆಯ ಚಿತ್ರವನ್ನೂ ತೋರಿಸಿದೆ. ಅಜ್ಜಿ ‘ಇರಬೇಕು’ ಎಂದರು. ಆರು ತಿಂಗಳ ನಂತರ ಇನ್ನೊಂದು ಭೇಟಿಯಲ್ಲಿ ಮಗನ ಎದುರಿಗೆ ಅವರು, ‘ಅಪ್ಪ ಕ್ಯಾಸಲ್ ಮೌಂಟನ್ನಿನ ಡೇರೆಗಳ ಬಗ್ಗೆ ಹೇಳುತ್ತಿದ್ದರು’ ಎಂದು ಆರಂಭಿಸಿ, ನಾನು ತೋರಿಸಿದ್ದ ಚಿತ್ರವನ್ನೇ ತಂದೆಯ ಮಾತಾಗಿ ವರ್ಣಿಸಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಅಪ್ಪ ಖಾಲಿ ಬಿಟ್ಟು ಹೋದ ಜಾಗವನ್ನು ನಾನು ತುಂಬಿಬಿಟ್ಟಿದ್ದೆ. ಜಾಸ್ಪರ್, ರೆವೆಲ್‌ಸ್ಟೋಕ್, ಫರ್ನಿ ಇವೂ ಬೆಟ್ಟಗಳ ನಡುವಿನ ಶಿಬಿರಗಳೇ ಆಗಿದ್ದವು ಎಂಬುದು ನನಗೆ ತಿಳಿಯದ್ದೇನಲ್ಲ. ಕೇಳುವ ಗಳಿಗೆಯಲ್ಲಿ ನಾನು ತಾಳ್ಮೆಗೆಟ್ಟಿದ್ದೆ, ಅಷ್ಟೇ. ಮನೆಗೆ ಹಿಂದಿರುಗುವ ದಾರಿಯುದ್ದಕ್ಕೂ ಸಹೋದ್ಯೋಗಿ ಒಂದು ಮಾತೂ ಆಡಲಿಲ್ಲ.

ಆ ನಂತರ ನಾನು ಕೇಳುವ ಕ್ರಮವನ್ನೇ ಬದಲಿಸಿಕೊಂಡೆ. ಸಂದರ್ಶನ ನೀಡುವವರು ತಾವಾಗಿ ಆಡದ ಸ್ಥಳನಾಮ, ಇಸವಿ, ಘಟನೆ ಯಾವುದನ್ನೂ ನನ್ನ ಪ್ರಶ್ನೆಯಲ್ಲಿ ತರುವುದಿಲ್ಲ. ಚಿತ್ರ, ಪುಸ್ತಕಗಳನ್ನು ಎಲ್ಲ ಮುದ್ರಣ ಮುಗಿಯುವವರೆಗೆ ತೋರಿಸುವುದಿಲ್ಲ. ಮೌನದ ಬಗ್ಗೆ ನೇರವಾಗಿ ಕೇಳುವ ಬದಲು ಅದರ ಸುತ್ತಲಿನ ಮನೆಯ ಬಗ್ಗೆ ಕೇಳುತ್ತೇನೆ: ಅಪ್ಪ ಯಾವ ಮಾತು ಬಂದಾಗ ಎದ್ದು ಹೋಗುತ್ತಿದ್ದರು, ಯಾವ ಕಾಗದಗಳನ್ನು ಎಲ್ಲಿಡುತ್ತಿದ್ದರು, ಅಪರಿಚಿತರು ಅಂಗಳಕ್ಕೆ ಬಂದರೆ ಏನು ಮಾಡುತ್ತಿದ್ದರು. ಮುದ್ರಣದ ಜೊತೆ ಇಡುವ ವಿಷಯಸೂಚಿಯಲ್ಲಿ ಮೌನಗಳಿಗೂ ನಿಮಿಷ, ಸೆಕೆಂಡು ಬರೆದು ಒಂದು ಸಾಲು ಮೀಸಲಿಡುತ್ತೇನೆ, ಮತ್ತು ಯಾವುದಾದರೂ ಹೆಸರನ್ನು ಮೊದಲು ಆಡಿದವಳು ನಾನಾಗಿದ್ದರೆ ಅದನ್ನೂ ಅಲ್ಲೇ ನಮೂದಿಸುತ್ತೇನೆ. ‘ಮನೆಯಲ್ಲಿ ಈ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ’ ಎಂಬ ಉತ್ತರವನ್ನು ಸಂದರ್ಶನದ ಸೋಲು ಎಂದು ಈಗ ನಾನು ಭಾವಿಸುವುದಿಲ್ಲ. ಒಂದು ಕುಟುಂಬದಲ್ಲಿ ಆ ಶಿಬಿರ ಎಷ್ಟು ಕಾಲ ಬದುಕಿತ್ತು ಎಂಬುದಕ್ಕೆ ಅದಕ್ಕಿಂತ ಗಟ್ಟಿಯಾದ ಸಾಕ್ಷ್ಯ ನನಗೆ ಸಿಕ್ಕಿಲ್ಲ.

ಬರಹಕ್ಕೆ ಇಳಿಸುವಾಗ ಇನ್ನೊಂದು ಬಗೆಯ ತುಂಬುವಿಕೆ ನಡೆಯುತ್ತದೆ. ಈ ವೃದ್ಧರ ಉಕ್ರೇನಿಯನ್ ನೂರು ವರ್ಷ ಹಿಂದಿನ ಗಲೀಶಿಯಾದ ಹಳ್ಳಿಗಳ ಮಾತು. ಅದರೊಳಗೆ ಅಂಗಡಿಗೆ ‘ಷ್ಟೋರ್’, ಕಾರಿಗೆ ‘ಕಾರಾ’ ಎಂಬಂಥ ಕೆನಡಾದ ಶಬ್ದಗಳು ಒಗ್ಗಿಹೋಗಿವೆ. ನಮಗಾಗಿ ಬರೆದುಕೊಟ್ಟ ಒಬ್ಬರು ಆಲೂಗಡ್ಡೆಗೆ ಅಜ್ಜಿ ಬಳಸಿದ ‘ಬರಬೋಲ್ಯ’ವನ್ನು ಎಲ್ಲ ಕಡೆಯೂ ಶಿಷ್ಟ ಭಾಷೆಯ ‘ಕರ್ತೋಪ್ಲ್ಯ’ ಎಂದು ತಿದ್ದಿಬಿಟ್ಟಿದ್ದರು. ಪುಟಪುಟವನ್ನೂ ಮತ್ತೆ ಧ್ವನಿಗೆ ಹೊಂದಿಸಿ ಸರಿಪಡಿಸಲು ಎರಡು ತಿಂಗಳು ಹಿಡಿಯಿತು. 2022ರಲ್ಲಿ ಉಕ್ರೇನಿನ ಮೇಲೆ ರಷ್ಯಾದ ಪೂರ್ಣಪ್ರಮಾಣದ ದಾಳಿ ಆರಂಭವಾದ ನಂತರ ಅಲ್ಲಿನ ಇವಾನೊ-ಫ್ರಾಂಕಿವ್ಸ್ಕ್ ಪ್ರಾಂತದ ಕಡೆಯಿಂದ ಎಡ್ಮಂಟನ್ನಿಗೆ ಬಂದ ಒಬ್ಬ ಯುವತಿ ಕೆಲವು ಮುದ್ರಣಗಳನ್ನು ಕೇಳಿ, ತನ್ನ ಮುತ್ತಜ್ಜಿ ಹೀಗೆಯೇ ಮಾತಾಡುತ್ತಿದ್ದರು ಎಂದಳು. ಪಿಲಿಪಿವ್ ಹೊರಟ ನೆಬಿಲಿವ್ ಹಳ್ಳಿ ಇರುವುದು ಅದೇ ಪ್ರಾಂತದಲ್ಲಿ.

ತಂದೆ ಶಿಬಿರದಲ್ಲಿದ್ದ ಆ ಅಜ್ಜಿಯ ಮನೆಗೆ ಮತ್ತೆ ಹೋದಾಗ, ಕ್ಯಾಸಲ್ ಮೌಂಟನ್ ಎಂಬ ಹೆಸರು ನನ್ನ ಬಾಯಿಂದ ಬಂದದ್ದು ಎಂದು ಮೊದಲ ಮುದ್ರಣವನ್ನೇ ಕೇಳಿಸಿ ಹೇಳಿ, ಕ್ಷಮೆ ಕೋರಿದೆ. ಅವರು ಬಹಳ ಹೊತ್ತು ಮೇಜಿನ ಮೇಲಿನ ಹಿಟ್ಟನ್ನು ಒರೆಸುತ್ತ ಕುಳಿತರು. ಬಳಿಕ, ನಾನು ಕೇಳದೆಯೇ, ಟಪಾಲಿನವನೇ ಆಗಲಿ, ಸಮವಸ್ತ್ರ ತೊಟ್ಟ ಯಾರೇ ಅಂಗಳಕ್ಕೆ ಬಂದರೂ ಅಪ್ಪ ಟೋಪಿ ತೆಗೆದು, ಒಳಗೆ ಹೋಗಿ, ಬಾಗಿಲ ಬಳಿಯ ಹಲಗೆಯ ಮೇಲಿದ್ದ ತಗಡಿನ ಡಬ್ಬಿಯನ್ನು ತೆಗೆದುಕೊಂಡು ಬರುತ್ತಿದ್ದರು ಎಂದು ಹೇಳಿದರು. ಡಬ್ಬಿಯಲ್ಲಿ ಕಾಗದಗಳಿದ್ದವು. ಯಾರೂ ಕೇಳದಿದ್ದರೂ ಅದನ್ನು ಕೈಯಲ್ಲಿ ಹಿಡಿದೇ ನಿಂತು ಮಾತಾಡುತ್ತಿದ್ದರಂತೆ, 1950ರ ದಶಕದಲ್ಲಿಯೂ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಅವರು ಎರಡು ಷರತ್ತು ಬರೆಸಿದರು. ತಪ್ಪಿನ ಭಾಗವನ್ನು ಅಳಿಸದೆ ನನ್ನ ಟಿಪ್ಪಣಿಯೊಂದಿಗೆ ಹಾಗೆಯೇ ಉಳಿಸಬೇಕು. ಡಬ್ಬಿಯ ಚಿತ್ರವನ್ನು ಸಂಗ್ರಹಾಲಯಕ್ಕೆ ಒಯ್ಯಬಹುದು, ಡಬ್ಬಿಯನ್ನಲ್ಲ. ಚಿತ್ರ ತೆಗೆದ ಮೇಲೆ ಡಬ್ಬಿಯನ್ನು ಅವರ ಕೈಗೆ ಕೊಡಹೋದರೆ, ನೀನೇ ಇಡು ಎಂದು ಬಾಗಿಲ ಬಳಿಯ ಹಲಗೆಯನ್ನು ತೋರಿಸಿದರು. ಅಲ್ಲಿ ಇಟ್ಟು, ಫ್ರಿಜ್ಜಿನೊಳಗಿನ ಕೀಲಿ ತೆಗೆದುಕೊಂಡು ಹೊರಟೆವು.